ಹದಿನೇಳನೇ ಉಲ್ಲೇಖ

‘ಹರಕು ಕೊಡೆ’ ಎಂಬ ತಂಡದ ಸಂಗೀತವನ್ನು ‘ರಾಕ್’ ಎನ್ನಬೇಕೋ ‘ಹಾರ್ಡ್ ರಾಕ್’ ಎನ್ನಬೇಕೋ ಎಂದು ನಾವು ಮೂವರು ಹತ್ತೊಂಬತ್ತು ದಿನ ಜಗಳವಾಡಿದೆವು. ಹತ್ತೊಂಬತ್ತು ದಿನ! ಅಷ್ಟರಲ್ಲಿ ಗಾರೆಯವರು ಒಂದು ಅಂತಸ್ತು ಎಬ್ಬಿಸುತ್ತಾರೆ. ನಾನು ಹಲ್ಲಿನ ಸೆಟ್ಟು ಕಟ್ಟುವವಳು, ಆ ದಿನಗಳಲ್ಲಿ ಇಪ್ಪತ್ತು ಬೊಚ್ಚುಬಾಯಿಗಳಿಗೆ ಹಲ್ಲು ಜೋಡಿಸಿ ಕಳಿಸಿದ್ದೆ. ಕೊನೆಗೆ ‘ರಾಕ್’ ಎಂದು ತೀರ್ಮಾನವಾಯಿತು. ಮರುದಿನ ಬೆಳಿಗ್ಗೆ ಯಾರೋ ಪುಣ್ಯಾತ್ಮ ಬಂದು ಅದನ್ನು ‘ಪ್ರಪಂಚದ ಅತ್ಯುತ್ತಮ ರಾಕ್’ ಎಂದು ತಿದ್ದಿ ಹೋಗಿದ್ದ.

ನಮ್ಮ ವಿಶ್ವಕೋಶ ಇರುವುದು ಅಂತರ್ಜಾಲದಲ್ಲಿ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಅಳಿಸಬಹುದು. ಅದರಲ್ಲಿ ರಾಕ್ ತಂಡಗಳ ಲೇಖನಗಳನ್ನು ನೆಟ್ಟಗೆ ಮಾಡುವ ಕೆಲಸವನ್ನು ಯಾರೂ ಕರೆಯದೆ ತಲೆಯ ಮೇಲೆ ಎಳೆದುಕೊಂಡವರು ನಾವು ಮೂವರು. ಸಂಬಳವಿಲ್ಲ, ಶಹಬ್ಬಾಸ್‌ಗಿರಿಯೂ ಇಲ್ಲ. ಎಲ್ಲರಿಗೂ ಒಂದೊಂದು ಅಡ್ಡಹೆಸರು. ನನ್ನದು ‘ಬುದ್ಧಿಹಲ್ಲು’. ಕೋರ್ಟಿನಲ್ಲಿ ಮೂವತ್ತಮೂರು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾದ ಹೆಂಗಸೊಬ್ಬರು ‘ಅಲ್ಪವಿರಾಮ’. ಮೂರನೆಯವನು ಸಿಟಿ ಬಸ್ ಓಡಿಸುತ್ತಾನೆ. ತನಗೆ ತಾನೇ ‘ಗುಡುಗು’ ಎಂದು ಹೆಸರಿಟ್ಟುಕೊಂಡಿದ್ದರೂ ನಾವು ಡ್ರೈವರ್ ಎಂದೇ ಕರೆಯುತ್ತೇವೆ. ಪ್ರತಿ ಶನಿವಾರ ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ, ಒಂದು ಕಾಲು ಕುಂಟುವ ಮೇಜಿನ ಸುತ್ತ ಸೇರುತ್ತೇವೆ.

ಡ್ರೈವರನಿಗೆ ವಿಶೇಷಣಗಳ ಹುಚ್ಚು. ಡಿಪೋದಲ್ಲಿ ಬಸ್ಸು ನಿಂತ ಹತ್ತು ನಿಮಿಷದಲ್ಲಿ ‘ಸಿಡಿಲಬ್ಬರದ’, ‘ಮೈನವಿರೇಳಿಸುವ’ ಎಂದು ನಾಲ್ಕು ತುರುಕಿರುತ್ತಾನೆ. ಮುಂದಿನ ಹತ್ತು ನಿಮಿಷದಲ್ಲಿ ಅಲ್ಪವಿರಾಮ ಮೇಡಂ ಐದು ಕಿತ್ತಿರುತ್ತಾರೆ. ನನ್ನ ಪಾಲಿನ ಕೆಲಸ ಆಧಾರ ಕೇಳುವುದು. ಹೇಳಿದ ಪ್ರತಿಯೊಂದು ಸಂಗತಿಯ ಪಕ್ಕದಲ್ಲಿ ಅಂಕಿ ಹಾಕಿದ ಉಲ್ಲೇಖ ಇರಬೇಕು: ಯಾವ ಪುಸ್ತಕ, ಯಾವ ಪತ್ರಿಕೆ, ಎಷ್ಟನೇ ಪುಟ. ಇಲ್ಲದಿದ್ದರೆ ಆ ವಾಕ್ಯಕ್ಕೆ ಬಾಗಿಲು ತೋರಿಸುತ್ತೇನೆ. ‘ನಾನೇ ಕಣ್ಣಾರೆ ಕಂಡಿದ್ದೇನೆ’ ಎಂದು ವಾದಕ್ಕೆ ಬರುವವರನ್ನು ಎಂಟು ವರ್ಷದಿಂದ ಒಂದೇ ಮಾತಿನಲ್ಲಿ ಸಾಗಹಾಕಿದ್ದೇನೆ: ‘ಇಲ್ಲಿ ನಿಮಗೆ ಗೊತ್ತಿರುವುದನ್ನು ಬರೆಯುವುದಿಲ್ಲ, ಅಚ್ಚಾಗಿರುವುದನ್ನು ಬರೆಯುತ್ತೇವೆ.’ ಈ ಮಾತಿನ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

‘ಹರಕು ಕೊಡೆ’ ನಮ್ಮ ದೊಡ್ಡ ಆಸೆ. ಅವರ ‘ಲಿಫ್ಟ್ ಕೆಟ್ಟಿದೆ’ ಹಾಡನ್ನು ಕೇಳದವರಿಲ್ಲ. ಶುರುವಿನ ಹನ್ನೆರಡು ಸೆಕೆಂಡು ತಗ್ಗು ದನಿಯ ಬಾಸ್ ಗಿಟಾರ್ ಒಂದೇ, ಆರು ಮಹಡಿ ಹತ್ತಿ ಬಂದವನ ಎದೆಯಂತೆ ಬಡಿದುಕೊಳ್ಳುತ್ತದೆ. ಆ ಹಾಡಿಗೆ ನಲವತ್ತು ತುಂಬುವ ಭಾನುವಾರ ಲೇಖನ ವಿಶ್ವಕೋಶದ ಮುಖಪುಟಕ್ಕೆ ಬರಬೇಕೆಂದು ಐದು ತಿಂಗಳಿಂದ ಒದ್ದಾಡುತ್ತಿದ್ದೆವು. ಆ ತಂಡದ ಬಾಸ್ ವಾದಕ ನನ್ನ ಚಿಕ್ಕಪ್ಪ, ಅಪ್ಪನ ಒಬ್ಬನೇ ತಮ್ಮ. ಇದನ್ನು ನಾನು ಉಳಿದಿಬ್ಬರಿಗೆ ಹೇಳಿರಲಿಲ್ಲ. ಹೇಳಿದರೆ ಸ್ವಂತದವರ ಲೇಖನಕ್ಕೆ ಕೈಹಾಕಬಾರದೆಂಬ ನಿಯಮ ಅಡ್ಡ ಬರುತ್ತದೆ, ಮತ್ತು ಆ ನಿಯಮವನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿ ಹೇಳುವವಳು ನಾನೇ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಮುಖಪುಟದ ದಿನಕ್ಕೆ ಮೂರು ವಾರ ಇರುವಾಗ ಲೇಖನವನ್ನು ಪ್ರಿಂಟ್ ಹಾಕಿಸಿ ಚಿಕ್ಕಪ್ಪನ ಅಂಗಡಿಗೆ ಒಯ್ದೆ. ಅವನದು ಬೀಗದ ಕೈ ಮಾಡುವ ಅಂಗಡಿ. ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡು. ಗೋಡೆಯ ತುಂಬ ಹಲ್ಲು ಕೊರೆಯದ ಕೀಗಳು ಸಾಲಾಗಿ ನೇತಾಡುತ್ತವೆ. ಅವನೂ ಹಲ್ಲು ಕೊರೆಯುವವನು, ನಾನೂ ಹಲ್ಲಿನವಳು ಎಂದು ಮನೆಯಲ್ಲಿ ತಮಾಷೆ. ಹಿಗ್ಗಿಹೋಗುತ್ತಾನೆ ಎಂದುಕೊಂಡಿದ್ದೆ. ಮೂರನೇ ಹಾಳೆಗೆ ಬಂದವನು ಮೆಷಿನ್ ಆಫ್ ಮಾಡಿದ.

“ಇದನ್ನ ಯಾವ ಬೆಪ್ಪ ಬರೆದಿದ್ದು?”

“ಯಾವುದನ್ನ?”

ಎಣ್ಣೆಗೈಯ ಬೆರಳಿಟ್ಟು ಓದಿದ: “‘ಮೂರನೇ ಧ್ವನಿಮುದ್ರಿಕೆಗೆ ಮೊದಲೇ ಬಾಸ್ ವಾದಕರು ಮನೆಯವರ ಮಾತಿಗೆ ಓಗೊಟ್ಟು ತಂಡ ತೊರೆದರು. ಹೀಗಾಗಿ ಅದರಲ್ಲಿನ ಲಿಫ್ಟ್ ಕೆಟ್ಟಿದೆ ಹಾಡಿನ ಬಾಸನ್ನೂ ಗಾಯಕರೇ ನುಡಿಸಿದರು.’ ಪಕ್ಕದಲ್ಲಿ ಹದಿನೇಳು ಅಂತ ನಂಬರ್ ಬೇರೆ! ನಾನೆಲ್ಲಿ ಬಿಟ್ಟಿದ್ದೆ? ಅದನ್ನ ನುಡಿಸಿದ್ದು ನಾನು. ಈ ಕೈ!”

ಅವನು ಬಿಟ್ಟಿದ್ದ ಎಂದೇ ನಾನು ಹುಟ್ಟಿದಾಗಿನಿಂದ ಕೇಳಿದ್ದೆ.

“ಹೋದ ತಿಂಗಳು ಒಂದು ಮ್ಯೂಸಿಕ್ ಶಾಲೆಗೆ ಬೀಗ ರಿಪೇರಿಗೆ ಹೋಗಿದ್ದೆ,” ಎಂದ ಚಿಕ್ಕಪ್ಪ. “ಒಳಗೆ ಮೇಷ್ಟ್ರು ಅದೇ ಹನ್ನೆರಡು ಸೆಕೆಂಡು ಹೇಳಿಕೊಡ್ತಿದ್ದ. ‘ನೋಡಿ, ಹಾಡೋ ಬಾಯಿ ನುಡಿಸೋ ಕೈ ಎರಡೂ ಒಬ್ಬರದೇ, ಎಂಥಾ ಪ್ರತಿಭೆ’ ಅಂತಾನೆ. ಬೆರಳು ಬೇರೆ ತಪ್ಪು ಇಡಿಸ್ತಿದ್ದ. ನಾನು ಬಾಗಿಲ ಹತ್ರ ಸ್ಕ್ರೂಡ್ರೈವರ್ ಹಿಡ್ಕೊಂಡು ಕೂತಿದ್ದೀನಿ. ಹೇಳೋಣ ಅಂತ ಬಾಯಿ ತೆಗೆದೆ. ಬೀಗ ಆಯ್ತಾ ಅಂದ. ಆಯ್ತು ಅಂದು ಎದ್ದು ಬಂದೆ. ಎಲ್ಲಿಂದ ಬಂತು ಈ ಸುದ್ದಿ ಅಂದ್ಕೊಂಡಿದ್ದೆ. ನಿಮ್ಮಿಂದಲೇ ಬಂದಿದೆ.”

“ಪೇಪರಲ್ಲಿ ಬಂದಿತ್ತು ಚಿಕ್ಕಪ್ಪ. ಹದಿನೇಳನೇ ಉಲ್ಲೇಖ ಅದೇ.”

“ಪೇಪರಿನವನು ಅಲ್ಲಿದ್ನಾ? ನಾನಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಹಿಡೀತೀರಲ್ಲ!” ಹಾಳೆಗಳನ್ನು ಮಡಿಸಿ ನನ್ನ ಕೈಗೆ ತುರುಕಿದ. “ಅರವತ್ತನಾಲ್ಕು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಕಣೇ ಅದು. ಉಳಿದಿದ್ದೆಲ್ಲ ಬೀಗದ ಕೈ. ಸರಿ ಮಾಡ್ಸು. ಯಾವ ಬೆಪ್ಪ ಬರೆದಿದ್ದು ಅಂತಾನೂ ಪತ್ತೆ ಮಾಡು.”

ಪತ್ತೆ ಮಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮರುದಿನ ಲ್ಯಾಬಿನಲ್ಲಿ ಮೇಣ ಕರಗಿಸಲು ಇಟ್ಟು, ಪೇಪರಿನಲ್ಲಿ ಅದನ್ನು ಬರೆದ ಅಂಕಣಕಾರನಿಗೆ ಫೋನ್ ಮಾಡಿದೆ. ಆರು ವರ್ಷದ ಹಿಂದೆ ಅವನು ತಂಡದ ಬಗ್ಗೆ ಅರ್ಧ ಪುಟ ಬರೆದಿದ್ದ.

“ಅಯ್ಯೋ ಅದಾ ಮೇಡಂ? ನಿಮ್ಮ ವಿಶ್ವಕೋಶದಿಂದಲೇ ಎತ್ತಿದ್ದು,” ಎಂದು ನಕ್ಕ. “ಆವತ್ತು ಸಂಜೆಗೆ ಕಾಪಿ ಕೊಡಬೇಕಿತ್ತು ನೋಡಿ.”

ಪ್ರತಿ ಲೇಖನಕ್ಕೂ ಒಂದು ಇತಿಹಾಸ ಪುಟ ಇರುತ್ತದೆ. ಯಾರು, ಯಾವ ದಿನ, ಯಾವ ಅಕ್ಷರ ಸೇರಿಸಿದರು ಎಂಬುದೆಲ್ಲ ಅದರಲ್ಲಿ ದಾಖಲು. ಹಿಂದೆ ಹಿಂದೆ ಹೋದೆ. ಆ ವಾಕ್ಯ ಅಂಕಣಕ್ಕಿಂತ ಎರಡು ವರ್ಷ ಹಿರಿಯದು. ಸೇರಿಸಿದವರು: ಬುದ್ಧಿಹಲ್ಲು.

ನಾನು ವಿಶ್ವಕೋಶಕ್ಕೆ ಸೇರಿದ ಮೊದಲನೇ ವಾರ ಅದು. ಆಗ ಅಮ್ಮ ಬದುಕಿದ್ದಳು. ‘ನಿಮ್ಮಪ್ಪ ಒಂದು ಮಾತು ಹೇಳಿದ್ದಕ್ಕೆ ನಿಮ್ಮ ಚಿಕ್ಕಪ್ಪ ಆ ಬ್ಯಾಂಡು ಬಿಟ್ಟುಬಿಟ್ಟ, ಹಾಗಿರಬೇಕು ತಮ್ಮ ಅಂದ್ರೆ’ ಎಂದು ಅವಳು ಪಾತ್ರೆ ಒರೆಸುತ್ತಾ ಹೇಳುತ್ತಿದ್ದುದನ್ನು ನಾನು ಸೊಗಸಾದ ಗ್ರಾಂಥಿಕ ಭಾಷೆಗೆ ಇಳಿಸಿದ್ದೆ. ಗಾಯಕನೇ ನುಡಿಸಿದ ಎಂಬುದು ನನ್ನದೇ ಊಹೆ. ಮತ್ತಿನ್ಯಾರು ನುಡಿಸಿರಲು ಸಾಧ್ಯ ಎಂದುಕೊಂಡಿರಬೇಕು. ಆಧಾರ, ಉಲ್ಲೇಖ, ಏನೂ ಇರಲಿಲ್ಲ. ಎರಡು ವರ್ಷದ ಮೇಲೆ ಅಂಕಣಕಾರ ಅದನ್ನು ಎತ್ತಿಕೊಂಡ. ಅದಾದ ಆರು ತಿಂಗಳಿಗೆ ಅಲ್ಪವಿರಾಮ ಮೇಡಂ, ‘ಈ ವಾಕ್ಯಕ್ಕೆ ಆಧಾರವಿಲ್ಲವಲ್ಲ’ ಎಂದು ಕಷ್ಟಪಟ್ಟು ಹುಡುಕಿ, ಅದೇ ಅಂಕಣವನ್ನು ಹದಿನೇಳನೇ ಉಲ್ಲೇಖವಾಗಿ ಹಾಕಿದರು. ಎತ್ತು ಈಯಿತು ಎಂದು ನಾನು ಹೇಳಿದೆ, ಪೇಪರಿನವನು ಕರುವನ್ನು ಕೊಟ್ಟಿಗೆಗೆ ಕಟ್ಟಿದ, ಮೇಡಂ ಹಾಲು ಕರೆದು ಅಳತೆ ಬರೆದಿಟ್ಟರು. ಇತ್ತ ಒಲೆಯ ಮೇಲೆ ಮೇಣ ಹೊಗೆಯಾಡಿ ಲ್ಯಾಬೆಲ್ಲ ವಾಸನೆ ಹಿಡಿಯಿತು.

ಆ ಶನಿವಾರ ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಅಡ್ಡದಾರಿ ಹಿಡಿದೆ.

“ಆ ಬಾಸ್ ವಾದಕರು ಇದೇ ಊರಲ್ಲಿ ಬೀಗದ ಅಂಗಡಿ ಇಟ್ಟಿದ್ದಾರಂತೆ. ಹಾಡಲ್ಲಿ ನುಡಿಸಿದ್ದು ನಾನೇ ಅಂತಾರಂತೆ,” ಎಂದೆ.

“ಆಧಾರ?” ಎಂದರು ಅಲ್ಪವಿರಾಮ ಮೇಡಂ, ಕನ್ನಡಕದ ಮೇಲಿಂದ ನೋಡುತ್ತಾ.

“ಅವರೇ ಹೇಳ್ತಾರೆ.”

“ನಮಗೆ ಗೊತ್ತಿರುವುದನ್ನು ಬರೆಯುವುದಿಲ್ಲ, ಅಚ್ಚಾಗಿರುವುದನ್ನು ಬರೆಯುತ್ತೇವೆ,” ಎಂದು ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟರು. ರೆಕಾರ್ಡಿನ ಕವರ್ ನೋಡಿದೆವು. ಗಾಯನ, ಗಿಟಾರ್, ಡ್ರಮ್ಸ್ ಎಲ್ಲದರ ಮುಂದೆ ಹೆಸರಿದೆ, ಬಾಸ್ ಎಂಬ ಸಾಲೇ ಇಲ್ಲ. ಗಾಯಕ ತೀರಿಕೊಂಡಿದ್ದ. ಗಿಟಾರಿನವನು ಹಾಸಿಗೆ ಹಿಡಿದು ತನ್ನ ಹೆಸರನ್ನೇ ಮರೆತಿದ್ದ. ಡ್ರಮ್ಸಿನವನು ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.

ಡ್ರೈವರ್ ಮಾತ್ರ ಕೂತಲ್ಲಿ ಕೂರಲಿಲ್ಲ. ಸೋಮವಾರ ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಸ್ನೇಹಿತನ ಬಾಸ್ ಗಿಟಾರನ್ನು ಹೆಗಲಿಗೇರಿಸಿಕೊಂಡು ಚಿಕ್ಕಪ್ಪನ ಅಂಗಡಿಗೆ ಹೋದನಂತೆ. ಸಂಜೆ ನನಗೆ ಫೋನ್ ಮಾಡಿದ.

“ಅಕ್ಕಾ, ನುಡಿಸಿದ್ರು. ಮೊದಲು ಬೆರಳು ಮರಗಟ್ಟಿದೆ ಹೋಗಯ್ಯಾ ಅಂದ್ರು. ಆಮೇಲೆ ತಗೊಂಡ್ರು. ಆ ಹನ್ನೆರಡು ಸೆಕೆಂಡು ಅಕ್ಕಾ! ಗೋಡೆ ಮೇಲಿನ ಕೀ ಎಲ್ಲ ಗಲಗಲ ಅಂದವು. ನಾಲ್ಕನೇ ಹೊಡೆತದಲ್ಲಿ ಒಂದು ಸಣ್ಣ ಎಳೆತ ಇದೆಯಲ್ಲ, ಯಾರ ಕೈಗೂ ಬರಲ್ಲ ಅದು. ಅದು ಬಂತು. ನಾನು ಅಲ್ಲೇ ಅತ್ತುಬಿಟ್ಟೆ.”

ಅತ್ತದ್ದನ್ನೂ ಸೇರಿಸಿ ಅವನು ಲೇಖನದ ಚರ್ಚೆ ಪುಟದಲ್ಲಿ ನಲವತ್ತು ಸಾಲು ಬರೆದ. ಅಲ್ಪವಿರಾಮ ಮೇಡಂ ಕೆಳಗೆ ಒಂದೇ ಸಾಲು ಬರೆದರು: ‘ಈಗ ನುಡಿಸಬಲ್ಲರು ಎಂದರೆ ಆಗ ನುಡಿಸಿದ್ದರು ಎಂದಾಗುವುದಿಲ್ಲ.’ ಓದಿ ನನಗೆ ಮೈಯೆಲ್ಲ ಉರಿಯಿತು. ಅವರ ಮಾತು ಸರಿಯಾಗಿತ್ತು ಎಂಬುದಕ್ಕೇ ಇನ್ನಷ್ಟು ಉರಿಯಿತು.

ಮುಂದಿನ ಶನಿವಾರ ಹೇಳಿಬಿಟ್ಟೆ. ಅವರು ನನ್ನ ಚಿಕ್ಕಪ್ಪ. ಆ ವಾಕ್ಯ ಬರೆದವಳು ನಾನು. ಆಧಾರ ನಮ್ಮಮ್ಮನ ಮಾತು. ಹದಿನೇಳನೇ ಉಲ್ಲೇಖ ಎಂಬುದು ನನ್ನ ಮಾತಿನದೇ ಮರುದನಿ. ಡ್ರೈವರ್ ಬಾಯಿ ತೆರೆದವನು ಮುಚ್ಚಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವರ ಮುಖ ಹೀಗೇ ಆಗುತ್ತದೇನೋ. ಅಲ್ಪವಿರಾಮ ಮೇಡಂ ಪೆನ್ನಿನ ಕ್ಯಾಪ್ ಹಾಕಿದರು, ತೆಗೆದರು, ಮತ್ತೆ ಹಾಕಿದರು.

“ಈ ಎಂಟು ವರ್ಷದಲ್ಲಿ ಆಧಾರವಿಲ್ಲ ಎಂದು ನೀವು ನನ್ನ ಇನ್ನೂರ ಹನ್ನೊಂದು ವಾಕ್ಯ ತೆಗೆದಿದ್ದೀರಿ,” ಎಂದರು.

“ಎಣಿಸಿದ್ದೀರಾ?”

“ಎಣಿಸದೆ ಬಿಡುತ್ತೇನೆಯೇ? ನಮ್ಮ ಜಡ್ಜ್ ಸಾಹೇಬರ ಮುಂದೆ ಇಷ್ಟು ಹೊತ್ತಿಗೆ ನಿಮಗೆ…” ಎಂದವರು ನಿಲ್ಲಿಸಿದರು. “ಹದಿನೇಳನೇ ಉಲ್ಲೇಖ ಹಾಕಿದವಳು ನಾನು. ಅಂಕಣಕಾರನಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ,” ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ವಾಕ್ಯ ಹೋಯಿತು, ಉಲ್ಲೇಖ ಹೋಯಿತು. ಅದರ ಜಾಗದಲ್ಲಿ ಮೇಡಂ ಹೀಗೆ ಬರೆದರು: ‘ಈ ಹಾಡಿನಲ್ಲಿ ಬಾಸ್ ನುಡಿಸಿದವರು ಯಾರೆಂಬುದಕ್ಕೆ ಖಚಿತ ಆಧಾರ ದೊರೆತಿಲ್ಲ.’ ನಾನು ಇನ್ನು ಆ ಲೇಖನದಲ್ಲಿ ಒಂದಕ್ಷರವನ್ನೂ ಸೇರಿಸಬಾರದು, ಮುಖಪುಟದ ದಿನ ಕಿಡಿಗೇಡಿಗಳ ತಿದ್ದುಪಡಿ ತೆಗೆಯುವ ಕಾವಲು ಕೆಲಸ ಮಾತ್ರ ಮಾಡಬಹುದು ಎಂದು ತೀರ್ಪಾಯಿತು.

ಚಿಕ್ಕಪ್ಪನಿಗೆ ಹೊಸ ವಾಕ್ಯ ಓದಿ ಹೇಳಿದೆ. ಬರೆದ ಬೆಪ್ಪ ಯಾರೆಂಬುದನ್ನೂ ಹೇಳಿದೆ. ಬೈಯುತ್ತಾನೆ ಎಂದು ಕಾದೆ.

“ಮೊದಲು ಬಿಟ್ಟುಹೋದವನು ಅಂತಾದ್ರೂ ಇದ್ದೆ,” ಎಂದ. “ಈಗ ಅದೂ ಇಲ್ಲ.”

“ಅಂಕಣಕಾರ ಮತ್ತೆ ಬರೆಯೋಕೆ ಒಪ್ಪಿದ್ದಾನೆ ಚಿಕ್ಕಪ್ಪ. ನಿನ್ನ ಮಾತು, ನಿನ್ನ ಹೆಸರು, ಫೋಟೋ ಎಲ್ಲ ಹಾಕಿ. ಅದು ಅಚ್ಚಾದ್ರೆ ನಮಗೆ ಆಧಾರ ಸಿಕ್ಕ ಹಾಗೆ. ಅವನು ಕೇಳೋದು ಒಂದೇ ಪ್ರಶ್ನೆ. ನುಡಿಸಿದ್ದು ನೀನೇ ಆದ್ರೆ ಕವರ್ ಮೇಲೆ ಹೆಸರು ಯಾಕಿಲ್ಲ?”

ಚಿಕ್ಕಪ್ಪ ಕೀ ಕೊರೆಯುವ ಮೆಷಿನ್ ಶುರು ಮಾಡಿದ. ಕೊರೆಯಲು ಅದರಲ್ಲಿ ಕೀ ಇರಲಿಲ್ಲ. ನಾನು ಕೈ ಚಾಚಿ ಸ್ವಿಚ್ ಆರಿಸಿದೆ.

“ತೆಗೆಸಿದ್ದು ನಾನೇ,” ಎಂದ ಕೊನೆಗೆ. “ಕವರ್ ಅಚ್ಚಾಗೋ ಪ್ರೆಸ್ಸಿಗೆ ಹೋಗಿ ಕೈಮುಗಿದು ತೆಗೆಸಿದೆ. ನಿಮ್ಮಪ್ಪನ ಕಣ್ಣಿಗೆ ಬೀಳಬಾರದಾಗಿತ್ತು. ಬ್ಯಾಂಡು ಬೇಕೋ ಅಣ್ಣ ಬೇಕೋ ತೀರ್ಮಾನ ಮಾಡು ಅಂದಿದ್ದ. ಬಿಟ್ಟೆ ಅಂತ ಹೇಳಿದ್ದೆ. ಎಂಟು ತಿಂಗಳು ಬೀಗದ ಕೆಲಸ ಕಲಿಯೋಕೆ ಹೋಗ್ತೀನಿ ಅಂತ ಸುಳ್ಳು ಹೇಳಿ ರೆಕಾರ್ಡಿಂಗಿಗೆ ಹೋದೆ. ಆಮೇಲೆ ತಂಡವೇ ಒಡೆದುಹೋಯ್ತು. ಸುಳ್ಳು ನಿಜ ಆಗ್ಲಿ ಅಂತ ಬೀಗದ ಕೆಲಸ ಕಲಿತೆ.”

ನನಗೆ ಬಂದ ಕೋಪ ಇಷ್ಟು ಅಷ್ಟು ಎಂದು ಹೇಳಲಾರೆ.

“ಅಂದ್ರೆ ನೀನು ಅಪ್ಪನಿಗೆ ಹೇಳಿದೆ! ಅಪ್ಪ ಅಮ್ಮನಿಗೆ, ಅಮ್ಮ ನನಗೆ, ನಾನು ವಿಶ್ವಕೋಶಕ್ಕೆ, ವಿಶ್ವಕೋಶದಿಂದ ಪೇಪರಿಗೆ! ಯಾವ ಬೆಪ್ಪ, ಯಾವ ಬೆಪ್ಪ ಅಂತ ಎರಡು ವಾರದಿಂದ ನನ್ನ ತಲೆ ತಿಂದೆಯಲ್ಲ ಚಿಕ್ಕಪ್ಪಾ! ಎಂಟು ವರ್ಷ ಸಂಪಾದಿಸಿದ ಮರ್ಯಾದೆ ಕಳ್ಕೊಂಡು ಬಂದಿದ್ದೀನಿ ನಾನು!”

“ಬೈಯಿ. ಬೈಯೋದು ಸರಿಯೇ.” ಇಂಗು ತಿಂದ ಮಂಗನಂತೆ ಕೂತಿದ್ದ. “ಆದ್ರೆ ಅಣ್ಣ ಪೇಪರಿನ ಟೆಂಡರ್ ನೋಟೀಸೂ ಬಿಡದೆ ಓದೋನು. ಈಗಲೂ ಆ ಹಾಡು ರೇಡಿಯೋದಲ್ಲಿ ಬಂದ್ರೆ ಎದ್ದು ಹೋಗಿ ಆಫ್ ಮಾಡ್ತಾನೆ, ನೋಡಿದ್ದೀಯಲ್ಲ. ಭಾನುವಾರ ಊಟಕ್ಕೆ ಬಂದ್ರೆ ನನ್ನ ಮುಖ ನೋಡಿ ನಾಲ್ಕು ಮಾತಾಡಲ್ಲ. ಇನ್ನೂ ಅದೇ ಸಿಟ್ಟು. ಈಗ ಸುಳ್ಳನ್ನೂ ಒಪ್ಕೊಂಡ್ರೆ ಬಾಗಿಲಿಗೂ ಬರಬೇಡ ಅಂತಾನೆ.”

“ಹಾಗಾದ್ರೆ ಹೆಸರು ಬೇಡ ಅನ್ನು. ಎರಡೂ ಬೇಕು ಅಂದ್ರೆ ಆಗಲ್ಲ.”

ಅವನು ಗೋಡೆಯಿಂದ ಒಂದು ಕೀ ತೆಗೆದು ಮತ್ತೆ ಅದೇ ಮೊಳೆಗೆ ಹಾಕಿದ. “ಬೇಕು,” ಎಂದ. “ಪೇಪರಲ್ಲಿ ಓದೋದಕ್ಕಿಂತ ಮೊದಲು ನನ್ನ ಬಾಯಿಂದಲೇ ಕೇಳಲಿ.”

ಭಾನುವಾರ ಲೇಖನ ಮುಖಪುಟಕ್ಕೆ ಬಂತು. ಬೆಳಗಿನ ಕಾವಲು ಡ್ರೈವರನದು, ಮಧ್ಯಾಹ್ನ ನನ್ನದು. ಚಿಕ್ಕಪ್ಪ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಊಟಕ್ಕೆ ಬಂದ, ಏನೂ ತಿನ್ನಲಿಲ್ಲ. ಅಪ್ಪನಿಗೆ ಎಪ್ಪತ್ತಾರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಈಗಲೂ ತರಕಾರಿ ಚೀಲವನ್ನು ಕೈಯಲ್ಲಿ ತೂಗಿ ನೋಡಿ ಐವತ್ತು ಗ್ರಾಂ ಕಮ್ಮಿ ಎನ್ನುತ್ತಾರೆ. ಊಟವಾದ ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಚಿಕ್ಕಪ್ಪ ಎದುರಿಗೆ ನಿಂತೇ ಎಲ್ಲವನ್ನೂ ಹೇಳಿದ, ಪ್ರೆಸ್ಸಿನಲ್ಲಿ ಕೈಮುಗಿದಿದ್ದನ್ನೂ ಬಿಡದೆ.

ಅಪ್ಪ ಎದ್ದು ಒಳಗೆ ಹೋದರು. ಆಗಿಹೋಯಿತು ಎಂದುಕೊಂಡೆ. ಹಳೇ ಆಫೀಸ್ ಡೈರಿಯೊಂದನ್ನು ಹಿಡಿದು ಹಿಂದಿರುಗಿದರು. ಅದರೊಳಗೆ ಅಂಕಣಕಾರನ ಆ ಅರ್ಧ ಪುಟ, ಅಂಚು ನೇರವಾಗಿ ಕತ್ತರಿಸಿ ಅಂಟಿಸಿದ್ದು.

“ಇಲ್ಲಿ ಹಾಕಿದ್ದಾರಲ್ಲ, ‘ಮನೆಯವರ ಮಾತಿಗೆ ಓಗೊಟ್ಟು’ ಅಂತ? ಆ ಮನೆಯವರು ನಾನು,” ಎಂದರು. “ಆರು ವರ್ಷದಿಂದ ಇಟ್ಕೊಂಡಿದ್ದೀನಿ.”

“ಯಾಕಪ್ಪಾ?”

“ಮಾಡಿದ ತಪ್ಪು ಮರೀಬಾರದು ಅಂತ.” ಚಿಕ್ಕಪ್ಪನ ಕಡೆ ತಿರುಗಿದರು. “ಆ ಹಾಡು ಬಂದಾಗೆಲ್ಲ ಯಾಕೆ ಎದ್ದು ಹೋಗ್ತಿದ್ದೆ ಗೊತ್ತೇನೋ ನಿನಗೆ? ಇದರಲ್ಲಿ ಇವನು ಇರಬೇಕಾಗಿತ್ತು, ನಾನು ತಪ್ಪಿಸಿದೆ, ಒಂದು ಮಾತಿಂದ ಇವನ ಬಾಳು ಬೀಗದ ಅಂಗಡಿ ಆಯ್ತು ಅಂತ. ನಿನ್ನ ಮುಖ ನೋಡೋಕೆ ಆಗ್ತಿರಲಿಲ್ಲ ನನಗೆ.”

“ನೀನು ಇನ್ನೂ ಸಿಟ್ಟಲ್ಲಿದ್ದೀಯ ಅಂದ್ಕೊಂಡಿದ್ದೆ ಅಣ್ಣ.”

“ಸಿಟ್ಟು ಈಗ ಬಂದಿದೆ!” ಅಪ್ಪ ಕೂಗಿದ ರಭಸಕ್ಕೆ ಮೇಲಿನ ಮನೆಯವರು ನೆಲ ಕುಟ್ಟಿದರು. “ನಲವತ್ತು ವರ್ಷ! ನುಡಿಸಿದ್ದೀನಿ ಅಂತ ಒಂದು ಮಾತು ಹೇಳೋಕೆ ಏನು ರೋಗ ಬಂದಿತ್ತು ನಿನಗೆ? ನಾನು ಕೊರಗಿದ್ದನ್ನೆಲ್ಲ ಯಾರ ತಲೆಗೆ ಕಟ್ಟಲಿ? ನಿನ್ನ ಅತ್ತಿಗೆ ಸಾಯೋವರೆಗೂ ಹೇಳ್ತಿದ್ದಳು, ಹಾಗನ್ನಬಾರದಿತ್ತು ಅಂತ ನೀವು ಕೊರಗಬೇಡಿ, ಅವನು ಖುಷಿಯಿಂದಲೇ ಬಿಟ್ಟ ಅಂತ. ಖುಷಿಯಿಂದ! ಕತ್ತೆ!”

ಚಿಕ್ಕಪ್ಪ ತಲೆ ತಗ್ಗಿಸಿ ನಿಂತಿದ್ದ. ಹೊರಗೆ ಹೋಗು ಎಂದರೆ ಹೋಗಲು ಚಪ್ಪಲಿಯ ಕಡೆ ಕಣ್ಣಿತ್ತು. ಅಪ್ಪ ಕುರ್ಚಿಗೆ ಕುಸಿದು, ಮೂಗು ಒರೆಸಿಕೊಂಡು, ನನ್ನ ಕಡೆ ಕೈ ಬೀಸಿದರು.

“ಹಾಕು ಅದನ್ನ.”

“ಏನಪ್ಪಾ?”

“ಹಾಡು ಕಣೇ. ಮತ್ತೇನು?”

ಹಾಕಿದೆ. ಹನ್ನೆರಡು ಸೆಕೆಂಡು ಮುಗಿದು ಗಾಯಕ ಬಾಯಿ ತೆರೆದ ಕೂಡಲೇ ನಿಲ್ಲಿಸು ಎಂದರು. ಮತ್ತೆ ಮೊದಲಿಂದ ಹಾಕಿಸಿದರು. ಹೀಗೆ ಐದು ಸಲ. ಐದನೇ ಸಲ ಕುರ್ಚಿಯ ಕೈಯ ಮೇಲೆ ಅವರ ಬೆರಳು ತಾಳ ಹಾಕುತ್ತಿತ್ತು.

“ಎಲ್ಲೂ ಅಳತೆ ತಪ್ಪಿಲ್ಲ,” ಎಂದರು. ಅವರ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಚಿಕ್ಕಪ್ಪ ನೆಲದ ಮೇಲೆ ಕೂತುಬಿಟ್ಟ.

ಆಮೇಲೆ ಅಪ್ಪನಿಗೆ ನಮ್ಮ ಲೇಖನ ನೋಡಬೇಕಾಯಿತು. ಟ್ಯಾಬ್ ಮೂಗಿನ ಹತ್ತಿರ ಹಿಡಿದು ಓದುತ್ತಾ ಹೋದವರು ಒಂದು ಕಡೆ ತಡೆದರು. “‘ಖಚಿತ ಆಧಾರ ದೊರೆತಿಲ್ಲ.’ ಅಂದ್ರೇನು? ಇಲ್ಲೇ ಕೂತಿದ್ದಾನಲ್ಲ!”

ಅಂಕಣ ಇನ್ನೆರಡು ವಾರಕ್ಕೆ ಬರುತ್ತದೆ, ಬಂದ ಮೇಲೆ ಮೇಡಂ ಹೆಸರು ಸೇರಿಸುತ್ತಾರೆ, ಅಲ್ಲಿಯವರೆಗೆ ಇದು ಹೀಗೇ ಇರಬೇಕು ಎಂದು ವಿವರಿಸಿದೆ. ನಿಯಮಗಳನ್ನು ಹೇಳಿದೆ. ನಲವತ್ತು ವರ್ಷ ನಿಯಮಗಳಲ್ಲೇ ಬದುಕಿದವರು ತಾನೇ, ಅರ್ಥವಾಯಿತು ಎಂದುಕೊಂಡೆ. ಅವರು ತಮ್ಮನನ್ನು ಕರೆದುಕೊಂಡು ಟ್ಯಾಬ್ ಸಮೇತ ಕೋಣೆಗೆ ಹೋದರು. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕಾವಲಿಗೆ ಕೂತೆ. ‘ಅತ್ಯುತ್ತಮ’ ಎಂದು ಸೇರಿಸಿದವನೊಬ್ಬ, ತನ್ನ ಗೆಳತಿಯ ಹೆಸರು ಸೇರಿಸಿದವನೊಬ್ಬ. ಇಬ್ಬರನ್ನೂ ತೆಗೆದೆ.

ಮೂರೂಕಾಲಿಗೆ ಮೇಡಂ ಬರೆದಿದ್ದ ಆ ವಾಕ್ಯ ಮಾಯವಾಗಿ, ಸಾವಿರಾರು ಜನ ನೋಡುತ್ತಿದ್ದ ಪುಟದಲ್ಲಿ ಹೊಸದೊಂದು ಕಾಣಿಸಿತು:

‘ಇದನ್ನು ನುಡಿಸಿದ್ದು ನನ್ನ ತಮ್ಮ. ನಾನು ಬೇಡ ಎಂದಿದ್ದೆ. ಆದರೂ ನುಡಿಸಿದ. ಒಳ್ಳೆಯದೇ ಮಾಡಿದ. ಆಧಾರ: ನಾನು, ಇವನ ಅಣ್ಣ.’

ಎಂಟು ವರ್ಷದಲ್ಲಿ ಇಂಥವನ್ನು ಕಣ್ಣು ಮಿಟುಕಿಸದೆ ತೆಗೆದಿದ್ದೇನೆ. ಈಗ ಕೈ ಏಳಲಿಲ್ಲ. ಅಷ್ಟರಲ್ಲಿ ಅಲ್ಪವಿರಾಮ ಮೇಡಂ ಸಂದೇಶ ಬಂತು: ‘ಕಾವಲು ನಿಮ್ಮದು. ನೋಡಿದಿರಾ?’

‘ನೋಡಿದೆ.’

‘ಯಾರದು?’

‘ನಮ್ಮಪ್ಪ.’

ನಂತರ ಬರೆದರು: ‘ನಾನು ಹತ್ತು ನಿಮಿಷ ಚಹಾ ಕುಡಿದು ಬರುತ್ತೇನೆ.’

ಹತ್ತು ನಿಮಿಷ ಆ ಸಾಲುಗಳನ್ನು ಎಷ್ಟು ಸಲ ಓದಿದೆನೋ. ಹನ್ನೊಂದನೇ ನಿಮಿಷ ನಾನೇ ಅಳಿಸಿದೆ. ಕಾರಣ ಬರೆಯುವ ಜಾಗದಲ್ಲಿ ‘ಅಚ್ಚಾದ ಆಧಾರವಿಲ್ಲ’ ಎಂದು ಹಾಕುವಾಗ ನನಗೆ ಅಳು ಬಂತು, ನಿಯಮದ ಮೇಲೆ, ನನ್ನ ಮೇಲೆ, ಇಬ್ಬರು ಮುದುಕರ ಮೇಲೆ ಒಟ್ಟೊಟ್ಟಿಗೇ ಸಿಟ್ಟೂ ಬಂತು.

ಕೋಣೆಯಿಂದ ಅಪ್ಪನ ಗರ್ಜನೆ ಕೇಳಿತು. “ಯಾರೋ ಅಳಿಸಿಬಿಟ್ಟರು ಕಣೋ! ಯಾವ ಕತ್ತೆ ಇದು?”

ಯಾವ ಕತ್ತೆ ಎಂಬುದು ಚಿಕ್ಕಪ್ಪನಿಗೆ ಗೊತ್ತಿತ್ತು. ಹೇಳಲಿಲ್ಲ. “ಹೋಗ್ಲಿ ಬಿಡು ಅಣ್ಣ,” ಎಂದ.

“ಯಾಕೆ ಬಿಡಬೇಕು? ಆವತ್ತು ನಿನಗೆ ಬಿಡು ಅಂದಿದ್ದೇ ಸಾಕು,” ಎಂದರು ಅಪ್ಪ. “ಆ ತಿದ್ದೋ ಬಟನ್ ಎಲ್ಲಿತ್ತು, ತೋರ್ಸು.”